ಎಲೆಕ್ಟ್ರಿಷಿಯನ್ ಐಟಿಐ ಮುಗಿಸಿದವರು ಆಟೊಮೇಷನ್, ರೋಬೋಟಿಕ್ಸ್ ಕಡೆಗೆ ಹೋಗುವ ದಾರಿ ಯಾವುದು?

ಹರಿಹರದ ಹುಡುಗ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಎಲೆಕ್ಟ್ರಿಷಿಯನ್ ಐಟಿಐ ಮುಗಿಸಿ, ಒಂದು ವರ್ಷ ಅಪ್ರೆಂಟಿಸ್ ಆಗಿದ್ದು, ಈಗ ದಾವಣಗೆರೆ ಹತ್ತಿರದ ಒಂದು ಪ್ಯಾಕಿಂಗ್ ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ವಯಸ್ಸು ಇಪ್ಪತ್ಮೂರು. ನಮ್ಮಲ್ಲಿ ಎರಡು ಪೌಚ್ ಪ್ಯಾಕಿಂಗ್ ಯಂತ್ರಗಳಿವೆ. ಯಂತ್ರ ನಿಂತರೆ ಫ್ಯೂಸು, ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ, ಮೋಟಾರು ಇಷ್ಟನ್ನು ನಾನು ನೋಡುತ್ತೇನೆ. ಅದಕ್ಕೂ ಆಚೆಯದಾದರೆ ಬೆಂಗಳೂರಿನಿಂದ ಸರ್ವಿಸ್ ಎಂಜಿನಿಯರ್ ಬರುವವರೆಗೆ ಕೈಕಟ್ಟಿ ನಿಲ್ಲಬೇಕು.

ಕಳೆದ ತಿಂಗಳು ಹಾಗೆ ಬಂದವರು ಲ್ಯಾಪ್‌ಟಾಪ್ ಜೋಡಿಸಿ, ಹತ್ತು ನಿಮಿಷ ಪರದೆ ನೋಡಿ, ಎದ್ದು ಹೋಗಿ ಒಂದು ಸೆನ್ಸರನ್ನು ಎರಡು ಮಿಲಿಮೀಟರ್ ಮುಂದಕ್ಕೆ ತಳ್ಳಿ ನಟ್ಟು ಬಿಗಿ ಮಾಡಿದರು. ಯಂತ್ರ ನಡೆಯಿತು. ಒಂದೂವರೆ ದಿನದ ಉತ್ಪಾದನೆ ಹೋಗಿದ್ದು ಆ ಎರಡು ಮಿಲಿಮೀಟರಿನಿಂದ. ಅದು ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ ಎಂದು ಅವತ್ತಿನಿಂದ ಯೋಚಿಸುತ್ತಿದ್ದೇನೆ.

ಈಗ ನನ್ನ ಮುಂದೆ ಎರಡು ದಾರಿಗಳಿವೆ. ಬೆಂಗಳೂರಿನ ಒಂದು ಖಾಸಗಿ ಸಂಸ್ಥೆ ಮೂರು ತಿಂಗಳ ಪಿಎಲ್‌ಸಿ (ಯಂತ್ರವನ್ನು ನಡೆಸುವ ಪುಟ್ಟ ಕಂಪ್ಯೂಟರ್), ಸ್ಕಾಡಾ (ಯಂತ್ರಗಳನ್ನು ಪರದೆಯ ಮೇಲೆ ಗಮನಿಸಿ ನಿಯಂತ್ರಿಸುವ ವ್ಯವಸ್ಥೆ), ರೋಬೋಟಿಕ್ಸ್ ಕೋರ್ಸಿಗೆ 65 ಸಾವಿರ ರೂಪಾಯಿ ಕೇಳುತ್ತಿದೆ, ಕೆಲಸ ಖಚಿತ ಎಂದೂ ಹೇಳುತ್ತಿದೆ. ಇನ್ನೊಂದು, ಸರ್ಕಾರಿ ಐಟಿಐಗಳಲ್ಲಿ ಹೊಸದಾಗಿ ಬಂದಿರುವ ಒಂದು ವರ್ಷದ ರೋಬೋಟಿಕ್ಸ್ ಟ್ರೇಡು. ಎರಡಕ್ಕೂ ಕೆಲಸ ಬಿಡಬೇಕು. ಅಪ್ಪನಿಗೆ ಇದು ಇಷ್ಟವಿಲ್ಲ. ಈ ಕ್ಷೇತ್ರದಲ್ಲಿರುವ ಹಿರಿಯರು ತಮ್ಮ ಅಭಿಪ್ರಾಯವನ್ನು ತಿಳಿಸಬೇಕೆಂದು ಕೋರುತ್ತೇನೆ.

ಪೀಣ್ಯ ಮೆಂಟೆನೆನ್ಸ್

ತಮ್ಮಾ, ನಾನು ಹತ್ತೊಂಬತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಈಗ ಹೊಸಬರನ್ನು ತೆಗೆದುಕೊಳ್ಳುವಾಗ ಪರೀಕ್ಷೆ ಮಾಡುವ ಹೊಣೆಯೂ ನನ್ನದೇ. ಪರೀಕ್ಷೆ ಎಂದರೆ ಕಾಗದ ಪೆನ್ನಿನದಲ್ಲ. ಮೇಜಿನ ಮೇಲೆ ಒಂದು 24 ವೋಲ್ಟ್ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ), ಎರಡು ಪುಶ್ ಬಟನ್, ಒಂದು ರಿಲೇ, ಒಂದು ದೀಪ, ಒಂದು ಪ್ರಾಕ್ಸಿಮಿಟಿ ಸೆನ್ಸರ್ ಇಟ್ಟು, ಸ್ಟಾರ್ಟ್ ಒತ್ತಿದರೆ ದೀಪ ಹತ್ತಿ ನಿಲ್ಲಬೇಕು, ಸ್ಟಾಪ್ ಒತ್ತಿದರೆ ಆರಬೇಕು, ಸೆನ್ಸರಿನ ಮುಂದೆ ಕಬ್ಬಿಣ ಇಲ್ಲದಿದ್ದರೆ ಹತ್ತಲೇಬಾರದು ಎಂದು ಹೇಳುತ್ತೇನೆ. ಅಭ್ಯರ್ಥಿ ಅದನ್ನು ಕಟ್ಟಿ ತೋರಿಸಿದ ಮೇಲೆ ಅವನನ್ನು ಚಹಾ ಕುಡಿಯಲು ಕಳಿಸಿ, ಒಂದು ವೈರಿನ ಸ್ಕ್ರೂ ಸಡಿಲ ಮಾಡಿ, ಬಂದ ಮೇಲೆ "ಈಗ ಹತ್ತುತ್ತಿಲ್ಲ, ನೋಡು" ಎನ್ನುತ್ತೇನೆ.

ಮೂರು ತಿಂಗಳ ಕೋರ್ಸಿನ ಸರ್ಟಿಫಿಕೇಟ್ ತಂದವರಲ್ಲಿ ಬಹಳ ಮಂದಿ ಕೈಸೋಲುವುದು ಇಲ್ಲಿಯೇ. ಕಂಪ್ಯೂಟರಿನ ಪರದೆಯ ಮೇಲೆ ಟ್ರಾಫಿಕ್ ಲೈಟ್ ಪ್ರೋಗ್ರಾಂ ಬರೆದಿರುತ್ತಾರೆ. ಸೆನ್ಸರಿನ ಕಂದು ವೈರು ಪ್ಲಸ್ 24ಕ್ಕೆ, ನೀಲಿ ಸೊನ್ನೆ ವೋಲ್ಟಿಗೆ, ಕಪ್ಪು ಔಟ್‌ಪುಟ್ ಎಂಬುದು ಗೊತ್ತಿರುವುದಿಲ್ಲ. ಪಿಎನ್‌ಪಿ ಸೆನ್ಸರ್ ಆದರೆ ಕಪ್ಪು ವೈರಿನಲ್ಲಿ ಪ್ಲಸ್ ಬರುತ್ತದೆ, ಆದ್ದರಿಂದ ಪಿಎಲ್‌ಸಿಗೆ ಸಿಗ್ನಲ್ ಒಳಗೆ ತರುವ ಇನ್‌ಪುಟ್ ಕಾರ್ಡಿನ ಕಾಮನ್ ತುದಿ ಸೊನ್ನೆಗೆ ಹೋಗಬೇಕು. ಎನ್‌ಪಿಎನ್ ಆದರೆ ಅದು ಸೊನ್ನೆಯ ಕಡೆಗೆ ಎಳೆಯುತ್ತದೆ, ಆದ್ದರಿಂದ ಕಾಮನ್ ಪ್ಲಸ್‌ಗೆ ಹೋಗಬೇಕು. ಸ್ಟೋರಿನಲ್ಲಿ ಪಿಎನ್‌ಪಿ ಮುಗಿದಿದೆ ಎಂದು ಎನ್‌ಪಿಎನ್ ಹಾಕಿ, ಸೆನ್ಸರಿನ ದೀಪ ಹತ್ತುತ್ತಿದೆ ಆದರೆ ಯಂತ್ರ ಮಾತ್ರ ಕೇಳುತ್ತಿಲ್ಲ ಎಂದು ರಾತ್ರಿಪಾಳಿಯೆಲ್ಲ ತಲೆ ಕೆಡಿಸಿಕೊಂಡವರನ್ನು ನಾನು ನೋಡಿದ್ದೇನೆ. ಅವರಲ್ಲಿ ಒಬ್ಬ ನಾನೇ.

ನೀನು ಎಲೆಕ್ಟ್ರಿಷಿಯನ್. ನಿನಗೆ ಅರ್ಧ ದಾರಿ ಆಗಲೇ ಸವೆದಿದೆ. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನ ಗೇರ್‌ಬಾಕ್ಸ್ ವಿಭಾಗದವರು ಗೋಡೆಯಷ್ಟು ಅಗಲದ ರಿಲೇ ಪ್ಯಾನೆಲ್‌ಗಳನ್ನು ಪ್ರತಿ ಮಾಡೆಲ್ ಬದಲಾದಾಗಲೂ ಬಿಚ್ಚಿ ಕಟ್ಟಿ ಸಾಕಾಗಿ, ಅದಕ್ಕೆ ಬದಲಿ ಬೇಕು ಎಂದು ಕೇಳಿದ್ದರಿಂದ ಪಿಎಲ್‌ಸಿ ಹುಟ್ಟಿತು. ಮೋಡಿಕಾನ್ 084 ಎಂಬ ಪೆಟ್ಟಿಗೆ ಆಗ ಬಂದದ್ದು. ಕಾರ್ಖಾನೆಯ ಎಲೆಕ್ಟ್ರಿಷಿಯನ್ನರು ಹೊಸ ಭಾಷೆ ಕಲಿಯದೆ ಓದಬಲ್ಲಂತಿರಲಿ ಎಂದೇ ರಿಲೇ ಡ್ರಾಯಿಂಗಿನ ಏಣಿಯ ಆಕಾರವನ್ನು ಹಾಗೆಯೇ ಉಳಿಸಿಕೊಂಡರು. ಲ್ಯಾಡರ್ ಎನ್ನುವುದು ನಿನ್ನಂಥವರಿಗಾಗಿಯೇ ಮಾಡಿದ ಭಾಷೆ, ಅದಕ್ಕೆ ಹೆದರಬೇಡ.

ಬೋಧಕ

ನಾನು ಒಂದು ಸರ್ಕಾರಿ ಐಟಿಐಯಲ್ಲಿ ಬೋಧಕನಾಗಿದ್ದೇನೆ, ಆದ್ದರಿಂದ ಇರುವ ಅವಕಾಶಗಳ ಬಗ್ಗೆ ಮೊದಲು ಹೇಳುತ್ತೇನೆ.

2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೆ ಏರಿಸಿದಾಗ ಹೊಸ ಟ್ರೇಡುಗಳು ಬಂದವು. ಅವುಗಳಲ್ಲಿ ನಿಮಗೆ ಸಂಬಂಧಪಟ್ಟವು ಎರಡು: ಇಂಡಸ್ಟ್ರಿಯಲ್ ರೋಬೋಟಿಕ್ಸ್ ಅಂಡ್ ಡಿಜಿಟಲ್ ಮ್ಯಾನುಫ್ಯಾಕ್ಚರಿಂಗ್ ಟೆಕ್ನಿಷಿಯನ್ ಮತ್ತು ಮ್ಯಾನುಫ್ಯಾಕ್ಚರಿಂಗ್ ಪ್ರೋಸೆಸ್ ಕಂಟ್ರೋಲ್ ಅಂಡ್ ಆಟೊಮೇಷನ್. ಎರಡೂ ಒಂದು ವರ್ಷದವು, ಹತ್ತನೇ ತರಗತಿ ಪಾಸಾದವರಿಗೆ ತೆರೆದಿರುವಂಥವು. ಹೆಸರಿನಲ್ಲಿ ರೋಬೋಟ್ ಇರುವುದರಿಂದ ಹುಡುಗರೆಲ್ಲ ಮೊದಲನೆಯದಕ್ಕೆ ಮುಗಿಬೀಳುತ್ತಾರೆ. ನಿಮ್ಮಂತೆ ಮೆಂಟೆನೆನ್ಸಿನಲ್ಲಿರುವವರಿಗೆ ಎರಡನೆಯದೇ ಹೆಚ್ಚು ಉಪಯೋಗ ಎಂಬುದು ನನ್ನ ಅಭಿಪ್ರಾಯ.

ಇದಲ್ಲದೆ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಜಿಟಿಟಿಸಿಗೆ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಈಗ ಹಲವು ಜಿಲ್ಲೆಗಳಲ್ಲಿ ಕೇಂದ್ರಗಳಿವೆ, ನಿಮ್ಮ ಹರಿಹರದಲ್ಲಿಯೂ ಒಂದಿದೆ. ಎನ್‌ಟಿಟಿಎಫ್‌ ಎಂಬ ತಾಂತ್ರಿಕ ತರಬೇತಿ ಸಂಸ್ಥೆ ಕೇರಳದ ತಲಶ್ಶೇರಿ ಬಳಿಯ ನೆಟ್ಟೂರಿನಲ್ಲಿ ಸ್ವಿಸ್ ನೆರವಿನಿಂದ ಹುಟ್ಟಿತು. ಈಗ ಅದರ ದೊಡ್ಡ ನೆಲೆ ಬೆಂಗಳೂರು. ಬಿಡದಿಯಲ್ಲಿ ಟೊಯೋಟ ಕಂಪನಿಯ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಇದೆ, ಅಲ್ಲಿ ಮೆಕಾಟ್ರಾನಿಕ್ಸ್ (ಯಂತ್ರ, ವಿದ್ಯುತ್, ಎಲೆಕ್ಟ್ರಾನಿಕ್ಸ್ ಸೇರಿದ ವಿಷಯ) ಕೂಡ ಒಂದು ವಿಭಾಗ. ಆದರೆ ಹತ್ತನೇ ತರಗತಿ ಮುಗಿಸಿದ ಹದಿಹರೆಯದವರಿಗೆಂದೇ ಮಾಡಿದ ವಸತಿ ಶಿಕ್ಷಣ ಅದು, ನಿಮಗೆ ವಯಸ್ಸು ಮೀರಿದೆ. ಎರಡು ವರ್ಷದ ಐಟಿಐ ಮುಗಿಸಿದವರು ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ದಾರಿಯನ್ನೂ ಮರೆಯಬೇಡಿ. ಡಿಪ್ಲೊಮಾ ಆದ ಮೇಲೆ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಹೋದ ನನ್ನ ವಿದ್ಯಾರ್ಥಿಗಳಿದ್ದಾರೆ.

ಇನ್ನು ಒಳಗಿನವನಾಗಿ ಹೇಳಲೇಬೇಕಾದ ಒಂದು ಮಾತು ಇದೆ. ಒಂದು ಲ್ಯಾಬಿನಲ್ಲಿ ಒಂದು ರೋಬೋಟ್, ಒಂದು ತಂಡದಲ್ಲಿ ಇಪ್ಪತ್ತು ಮಂದಿ, ಮೂರು ಗಂಟೆಯ ಪ್ರಾಯೋಗಿಕ ತರಗತಿ ಎಂದರೆ ಒಬ್ಬನ ಕೈಗೆ ಪೆಂಡೆಂಟ್ (ರೋಬೋಟನ್ನು ನಡೆಸಲು ಕೈಯಲ್ಲಿ ಹಿಡಿಯುವ ಬಟನ್ನುಗಳ ಪೆಟ್ಟಿಗೆ) ಸಿಗುವುದು ಒಂಬತ್ತು ನಿಮಿಷ. ಸೇರುವ ಮುನ್ನ ಯಾವ ಸಂಸ್ಥೆಯಾದರೂ ಸರಿ, ಲ್ಯಾಬಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ: ಒಂದು ಯಂತ್ರಕ್ಕೆ ಎಷ್ಟು ಮಂದಿ? ಪಾಳಿಯಲ್ಲಿ ಬೇರೆ ಸಮಯಕ್ಕೆ ಬಂದು ಅಭ್ಯಾಸ ಮಾಡಲು ಬಿಡುತ್ತಾರೆಯೇ ಎಂಬುದನ್ನೂ ಅದರ ಜೊತೆಗೆ ಕೇಳಬಹುದು. ಟೈಲ್ಸ್, ಏಸಿ, ಗಾಜಿನ ಬಾಗಿಲು ನೋಡಿ ಮರುಳಾಗಬೇಡಿ.

ಕೋರ್ಸ್ ಮಾಡಿದವನು

ಪೀಣ್ಯದ ಸರ್ ಬರೆದದ್ದರಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಲ್ಲ. ನಾನು ಅಂಥ ಕೋರ್ಸೊಂದನ್ನು ಸಾಲ ಮಾಡಿ ಮುಗಿಸಿದವನು. ಖಚಿತ ಕೆಲಸ ಎಂದರೆ ಮೂರು ಸಂದರ್ಶನಕ್ಕೆ ವಿಳಾಸ ಕೊಡುವುದು ಎಂದು ದುಡ್ಡು ಕಟ್ಟಿದ ಮೇಲೆ ಗೊತ್ತಾಯಿತು. ಆದರೂ ಸಿಮ್ಯುಲೇಟರ್ ಅನ್ನು ತೆಗೆದುಹಾಕಬೇಡಿ. ನಿಜವಾದ ಯಂತ್ರದ ಮೇಲೆ ತಪ್ಪು ಪ್ರೋಗ್ರಾಂ ಹಾಕಿದರೆ ಏನಾದರೂ ಮುರಿಯುತ್ತದೆ. ಪರದೆಯ ಮೇಲೆ ನೂರು ಸಲ ತಪ್ಪು ಮಾಡಬಹುದು. ನನಗೆ ಟೈಮರ್, ಕೌಂಟರ್, ಲ್ಯಾಚು ಕೈಗೆ ಕುಳಿತದ್ದು ಹಾಗೆಯೇ. ಅಲ್ಲಿ ಕಲಿಸದೆ ಬಿಟ್ಟದ್ದು ವೈರಿಂಗು, ಅದನ್ನು ಪ್ಯಾನೆಲ್ ಕಟ್ಟುವ ಅಂಗಡಿಯೊಂದರಲ್ಲಿ ಕಡಿಮೆ ಸಂಬಳಕ್ಕೆ ಎಂಟು ತಿಂಗಳು ದುಡಿದು ಕಲಿತೆ. ಈಗ ಅನಿಸುವುದೇನೆಂದರೆ, ಆ ಎಂಟು ತಿಂಗಳು ಮೊದಲು ಬಂದಿದ್ದರೆ ಮೂರು ತಿಂಗಳ ಕೋರ್ಸು ಮೂರು ವಾರದಲ್ಲಿ ಮುಗಿಯುತ್ತಿತ್ತು.

ಬೋಧಕ

ಸಿಮ್ಯುಲೇಟರ್ ಬಗ್ಗೆ ನನ್ನ ತಕರಾರೂ ಇಲ್ಲ. ತಕರಾರು ಇರುವುದು ಟ್ರಾಫಿಕ್ ಲೈಟಿನ ಬಗ್ಗೆ, ಏಕೆಂದರೆ ಅದು ಕೇವಲ ಟೈಮರುಗಳ ಸರಣಿ, ಹೊರಗಿನಿಂದ ಏನನ್ನೂ ಕೇಳಿ ತಿಳಿಯುವುದಿಲ್ಲ. ಅದರ ಬದಲು ಗಾಳಿಯ ಒತ್ತಡದಿಂದ ನಡೆಯುವ ಎರಡು ನ್ಯೂಮ್ಯಾಟಿಕ್ ಸಿಲಿಂಡರ್ ತೆಗೆದುಕೊಳ್ಳಿ. ಮೊದಲನೆಯದು ಹೊರಬಂದು ಬಿಡಿಭಾಗವನ್ನು ಹಿಡಿಯಬೇಕು, ಎರಡನೆಯದು ಹೊರಬಂದು ಮುದ್ರೆ ಒತ್ತಬೇಕು, ಎರಡನೆಯದು ಹಿಂದೆ ಹೋಗಬೇಕು, ಆಮೇಲೆ ಮೊದಲನೆಯದು ಬಿಡಬೇಕು. ಸಿಲಿಂಡರು ಹೊರಗಿದೆಯೋ ಒಳಗಿದೆಯೋ ತಿಳಿಸಲು ಪ್ರತಿಯೊಂದಕ್ಕೂ ಎರಡೆರಡು ರೀಡ್ ಸ್ವಿಚ್.

ಕೇಳಲು ಸುಲಭ. ಬರೆಯಲು ಕೂತವರೆಲ್ಲ ಒಂದೇ ಜಾಗದಲ್ಲಿ ಸಿಕ್ಕಿಬೀಳುತ್ತಾರೆ. ಮೊದಲನೆಯದು ಹೊರಗೆ, ಎರಡನೆಯದು ಒಳಗೆ ಎಂಬ ಸ್ಥಿತಿ ಈ ಸುತ್ತಿನಲ್ಲಿ ಎರಡು ಸಲ ಬರುತ್ತದೆ: ಒಮ್ಮೆ ಮುದ್ರೆ ಒತ್ತುವ ಮುನ್ನ, ಇನ್ನೊಮ್ಮೆ ಒತ್ತಿದ ಮೇಲೆ. ನಾಲ್ಕೂ ಸ್ವಿಚ್ಚುಗಳು ಎರಡೂ ಸಲ ಒಂದೇ ಉತ್ತರ ಕೊಡುತ್ತವೆ. ಹಾಗಾದರೆ ಈಗ ಎರಡನೆಯದು ಮುಂದೆ ಹೋಗಬೇಕೋ, ಮೊದಲನೆಯದು ಹಿಂದೆ ಬರಬೇಕೋ? ಸೆನ್ಸರುಗಳನ್ನಷ್ಟೇ ನಂಬಿ ಬರೆದ ಪ್ರೋಗ್ರಾಮಿನಲ್ಲಿ ಸಿಲಿಂಡರು ಅಲ್ಲೇ ಟಕಟಕ ಬಡಿದುಕೊಳ್ಳುತ್ತದೆ. ಮುದ್ರೆ ಒತ್ತಿ ಆಗಿದೆ ಎಂಬುದನ್ನು ಯಂತ್ರ ನೆನಪಿಟ್ಟುಕೊಳ್ಳಬೇಕು, ಅದಕ್ಕೊಂದು ಮೆಮೊರಿ ಬಿಟ್ ಬೇಕು, ಪ್ರತಿ ಹಂತಕ್ಕೂ ಒಂದು ಬಿಟ್ ಎಂದು ಮಾಡಿಕೊಂಡರೆ ಎಷ್ಟು ಉದ್ದದ ಸರಣಿಯಾದರೂ ಸಲೀಸು. ನನ್ನ ತರಗತಿಯಲ್ಲಿ ಇದನ್ನು ಹೇಳಿಕೊಡುವುದಿಲ್ಲ, ಸಿಲಿಂಡರು ಬಡಿದುಕೊಳ್ಳುವ ಸದ್ದು ಕೇಳಿ ಹುಡುಗರೇ ಕಂಡುಕೊಳ್ಳುವವರೆಗೆ ಸುಮ್ಮನಿರುತ್ತೇನೆ. ಆ ಸದ್ದಿನ ಬಗ್ಗೆ ಪಕ್ಕದ ಕೊಠಡಿಯ ಸಹೋದ್ಯೋಗಿಯ ದೂರು ಇದೆ.

ಬಿಡದಿ ವೆಲ್ಡ್ ಶಾಪ್

ರೋಬೋಟ್ ಇರುವ ಕಡೆ ಕೆಲಸ ಹೇಗಿರುತ್ತದೆ ಎಂದು ಯಾರೂ ಬರೆಯಲಿಲ್ಲ. ನಮ್ಮ ಲೈನಿನಲ್ಲಿ ಸ್ಪಾಟ್ ವೆಲ್ಡಿಂಗ್ ಮಾಡುವ ರೋಬೋಟುಗಳಿವೆ. ದಿನಕ್ಕೆ ಹತ್ತು ಸಲ ಲೈನು ನಿಂತರೆ, ಅದರಲ್ಲಿ ರೋಬೋಟಿನದೇ ತಪ್ಪು ಒಂದಾದರೂ ಇರುತ್ತದೆಯೋ ಇಲ್ಲವೋ. ಉಳಿದದ್ದೆಲ್ಲ ಕ್ಲ್ಯಾಂಪಿನ ಸೆನ್ಸರಿನ ಮುಖಕ್ಕೆ ವೆಲ್ಡಿಂಗಿನ ಸಿಡಿಕಣ ಅಂಟಿದ್ದು, ಕೈಯ ಜೊತೆ ಸದಾ ತಿರುಚಿಕೊಳ್ಳುವ ಕೇಬಲ್ಲಿನ ಒಳಗೆ ಒಂದೆಳೆ ಕಡಿದದ್ದು, ಗಾಳಿಯ ಒತ್ತಡ ಇಳಿದದ್ದು, ಬಿಡಿಭಾಗ ಸರಿಯಾಗಿ ಕೂರದೆ ಇದ್ದದ್ದು. ರೋಬೋಟ್ ಟೆಕ್ನಿಷಿಯನ್ ಎಂಬ ಪದನಾಮ ಇಟ್ಟುಕೊಂಡು ನಾನು ದಿನವಿಡೀ ಮಾಡುವುದು ರೋಬೋಟಿನ ಸುತ್ತಮುತ್ತಲಿನ ಚಾಕರಿಯನ್ನು.

ಪೆಂಡೆಂಟ್ ಹಿಡಿದು ಪಾಯಿಂಟ್ ಕಲಿಸುವುದನ್ನು ಬುದ್ಧಿವಂತ ಹುಡುಗ ಒಂದು ವಾರದಲ್ಲಿ ಕಲಿಯುತ್ತಾನೆ. ಕಲಿಯಲು ಕಾಲ ಹಿಡಿಯುವುದು ಭಯ ಮತ್ತು ಅಭ್ಯಾಸ ಎರಡೂ ಸರಿಯಾದ ಅಳತೆಯಲ್ಲಿ ಬರುವುದಕ್ಕೆ. ಪೆಂಡೆಂಟಿನ ಹಿಂಬದಿಯಲ್ಲಿ ಒಂದು ಸ್ವಿಚ್ಚಿದೆ. ಅರ್ಧ ಒತ್ತಿ ಹಿಡಿದರೆ ಮಾತ್ರ ರೋಬೋಟ್ ಚಲಿಸುತ್ತದೆ, ಬಿಟ್ಟರೆ ನಿಲ್ಲುತ್ತದೆ, ಪೂರ್ತಿ ಅದುಮಿದರೂ ನಿಲ್ಲುತ್ತದೆ. ಬಿಟ್ಟರೆ ನಿಲ್ಲುವುದು ಸರಿ, ಅದುಮಿದರೆ ಯಾಕೆ ಎಂದು ನನಗೆ ಮೊದಲ ದಿನ ಅರ್ಥವಾಗಿರಲಿಲ್ಲ. ಗಾಬರಿಯಾದ ಮನುಷ್ಯನ ಕೈ ಕೆಲವು ಸಲ ಸಡಿಲವಾಗುತ್ತದೆ, ಕೆಲವು ಸಲ ಮುಷ್ಟಿ ಬಿಗಿಯುತ್ತದೆ. ಎರಡಕ್ಕೂ ಉತ್ತರ ಒಂದೇ ಇರಲಿ ಎಂದು ಹಾಗೆ ಮಾಡಿದ್ದಾರೆ. ಕಲಿಸುವ ಮೋಡಿನಲ್ಲಿ ವೇಗ ಸೆಕೆಂಡಿಗೆ 250 ಮಿಲಿಮೀಟರ್ ಮೀರದಂತೆ ಕಟ್ಟಿಹಾಕಿರುವುದೂ ಮನುಷ್ಯ ಹಿಂದೆ ಸರಿಯಲು ಸಮಯ ಸಿಗಲೆಂದೇ. ಬೇಲಿಯ ಒಳಗೆ ಹೋಗುವಾಗ ನಿಮ್ಮದೇ ಬೀಗ ಹಾಕಿ, ಕೀಲಿ ನಿಮ್ಮದೇ ಜೇಬಿನಲ್ಲಿರಲಿ. ಉತ್ಪಾದನೆಯವರು ಎಷ್ಟೇ ಕೂಗಾಡಲಿ, ಬಾಗಿಲಿನ ಸ್ವಿಚ್ಚಿಗೆ ತಂತಿ ಸುತ್ತಿ ಮೋಸ ಮಾಡುವ ಕೆಲಸಕ್ಕೆ ಇಳಿಯಬೇಡಿ.

ಒಂದು ಅನುಭವ ಹೇಳುತ್ತೇನೆ, ಕಂಪನಿಯ ಹೆಸರು ಬೇಡ. ನಾನು ಹಿಂದೆ ಇದ್ದ ಜಾಗದಲ್ಲಿ ಒಂದು ವರ್ಷ ಆಯುಧಪೂಜೆಗೆ ಎಲ್ಲವನ್ನೂ ತೊಳೆದು ಬಳಿದು, ಕುಂಬಳಕಾಯಿ ಒಡೆದು, ಮೇನ್ ಆಫ್ ಮಾಡಿ ನಾಲ್ಕು ದಿನ ರಜೆ ಹೋದೆವು. ಬಂದು ಆನ್ ಮಾಡಿದರೆ ಒಂದು ರೋಬೋಟ್ ತನ್ನ ಆರು ಕೀಲುಗಳಲ್ಲಿ ಒಂದೂ ಎಲ್ಲಿದೆ ಎಂದು ಹೇಳಲಾರದೆ ಅಲಾರಂ ಹೊಡೆಯುತ್ತಿತ್ತು. ವಿದ್ಯುತ್ ಇಲ್ಲದಾಗ ಕೀಲಿನ ಸ್ಥಾನ ಅಳೆಯುವ ಎನ್‌ಕೋಡರಿನ ನೆನಪನ್ನು ಕಾಯುವುದು ಬುಡದಲ್ಲಿರುವ ಪುಟ್ಟ ಬ್ಯಾಟರಿಗಳು. ಬ್ಯಾಟರಿ ಕ್ಷೀಣಿಸಿದೆ ಎಂಬ ಎಚ್ಚರಿಕೆ ಎರಡು ತಿಂಗಳಿಂದ ಪರದೆಯ ಮೇಲೆ ಬರುತ್ತಲೇ ಇತ್ತು, ನಾವೆಲ್ಲ ಅದನ್ನು ಒತ್ತಿ ಅಳಿಸುತ್ತಲೇ ಇದ್ದೆವು, ನಾನೂ ಸೇರಿ. ಪ್ರತಿ ಕೀಲನ್ನೂ ಕೈಯಿಂದ ನಿಧಾನ ನಡೆಸಿ, ಲೋಹದ ಮೇಲೆ ಕೊರೆದಿರುವ ಗುರುತಿಗೆ ಗುರುತು ಕೂಡಿಸಿ, ಸೊನ್ನೆ ಇದೇ ಎಂದು ಮತ್ತೆ ಹೇಳಿಕೊಡಬೇಕಾಯಿತು. ಆ ಗುರುತುಗಳ ಮೇಲೆ ಅರಿಶಿನ ಕುಂಕುಮ ಮೆತ್ತಿಕೊಂಡಿತ್ತು. ಒರೆಸಿ ಹುಡುಕಿದೆವು. ಆಮೇಲೆ ಪ್ರತಿ ವೆಲ್ಡಿಂಗ್ ಪಾಯಿಂಟನ್ನೂ ಪರೀಕ್ಷಿಸಿ ತಿದ್ದಲು ಎರಡು ದಿನ ಹಿಡಿಯಿತು. ಅನೇಕ ರೋಬೋಟುಗಳಲ್ಲಿ ಈ ಬ್ಯಾಟರಿಯನ್ನು ಕಂಟ್ರೋಲರ್ ಆನ್ ಇರುವಾಗಲೇ, ಎಮರ್ಜೆನ್ಸಿ ಸ್ಟಾಪ್ ಒತ್ತಿಟ್ಟು ಬದಲಿಸಬೇಕು. ಆಫ್ ಮಾಡಿ ಬದಲಿಸುವುದೇ ಸುರಕ್ಷಿತ ಎಂದು ಎಲೆಕ್ಟ್ರಿಷಿಯನ್ನರ ಬುದ್ಧಿ ಹೇಳುತ್ತದೆ, ಇಲ್ಲಿ ಆ ಬುದ್ಧಿಯೇ ಕೈಕೊಡುತ್ತದೆ.

ಹರಿಹರದ ಹುಡುಗ

ಎಲ್ಲರಿಗೂ ಕೃತಜ್ಞತೆಗಳು. ಬೋಧಕರು ಹೇಳಿದ ಎರಡು ಸಿಲಿಂಡರಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿದೆ, ಹೇಳಿದ ಜಾಗದಲ್ಲೇ ಸಿಕ್ಕಿಬಿದ್ದೆ. ಒಂದು ಸಂದೇಹ. ನಮ್ಮ ಯಂತ್ರದಲ್ಲಿ ಸ್ಟಾಪ್ ಬಟನ್ನಿಗೆ ಎನ್‌ಸಿ (ಒತ್ತದಿರುವಾಗ ಕೂಡಿಕೊಂಡಿರುವ) ಕಾಂಟ್ಯಾಕ್ಟ್ ಹಾಕಿದ್ದಾರೆ. ಆದರೆ ಡ್ರಾಯಿಂಗಿನ ಜೊತೆ ಇರುವ ಲ್ಯಾಡರ್ ಪ್ರಿಂಟಿನಲ್ಲಿ ಅದನ್ನು ಎನ್‌ಒ (ಒತ್ತದಿರುವಾಗ ಬಿಟ್ಟುಕೊಂಡಿರುವ) ಎಂದು ಬರೆದಂತೆ ಕಾಣುತ್ತದೆ. ಮುದ್ರಣದ ತಪ್ಪೇ?

ಪೀಣ್ಯ ಮೆಂಟೆನೆನ್ಸ್

ತಪ್ಪಲ್ಲ. ಇದೇ ಪ್ರಶ್ನೆಯನ್ನು ನಾನು ಸಂದರ್ಶನದಲ್ಲಿ ಕೇಳುತ್ತೇನೆ, ಹತ್ತರಲ್ಲಿ ಏಳು ಮಂದಿ ತಡವರಿಸುತ್ತಾರೆ. ಬಟನ್ ಎನ್‌ಸಿ ಆದ್ದರಿಂದ ಒತ್ತದೆ ಇರುವಾಗ 24 ವೋಲ್ಟು ಪಿಎಲ್‌ಸಿಯ ಇನ್‌ಪುಟ್‌ಗೆ ಹರಿಯುತ್ತಲೇ ಇರುತ್ತದೆ, ಅಂದರೆ ಆ ಇನ್‌ಪುಟ್ ಸದಾ ಒಂದು. ಲ್ಯಾಡರಿನಲ್ಲಿ ಎನ್‌ಒ ಚಿಹ್ನೆ ಎಂದರೆ "ಈ ಇನ್‌ಪುಟ್ ಒಂದಾಗಿದ್ದರೆ ದಾರಿ ಬಿಡು" ಎಂದು ಮಾತ್ರ ಅರ್ಥ, ಹೊರಗಿನ ಬಟನ್ ಯಾವ ಜಾತಿಯದು ಎಂದಲ್ಲ. ಒತ್ತಿದಾಗ ಸೊನ್ನೆಯಾಗುತ್ತದೆ, ದಾರಿ ಮುಚ್ಚುತ್ತದೆ, ಯಂತ್ರ ನಿಲ್ಲುತ್ತದೆ. ಇಲಿ ವೈರು ಕಡಿದರೂ ಸೊನ್ನೆಯಾಗುತ್ತದೆ, ಆಗಲೂ ಯಂತ್ರ ನಿಲ್ಲುತ್ತದೆ. ಅದಕ್ಕಾಗಿಯೇ ಎನ್‌ಸಿ. ಎನ್‌ಒ ಹಾಕಿದ್ದರೆ ವೈರು ಕಡಿದದ್ದು ಗೊತ್ತಾಗುವುದು ಯಾರದೋ ಕೈ ಸಿಕ್ಕಿ, ಸ್ಟಾಪ್ ಒತ್ತಿ, ಯಂತ್ರ ನಿಲ್ಲದೆ ಹೋದಾಗ.

ಉದ್ಯಮಬಾಗ

ಬೆಳಗಾವಿಯಿಂದ ಬರೆಯುತ್ತಿದ್ದೇನೆ. ನಮ್ಮದು ಸಣ್ಣ ಫೌಂಡ್ರಿ, ರೋಬೋಟ್ ಇಲ್ಲ, ಸದ್ಯಕ್ಕೆ ತರುವ ಶಕ್ತಿಯೂ ಇಲ್ಲ. ದೊಡ್ಡ ಕಾರು ಕಂಪನಿಗಳ ಬಗ್ಗೆ ಮಾತಾಡುವಾಗ ನಮ್ಮಂಥವರನ್ನು ಎಲ್ಲರೂ ಮರೆಯುತ್ತಾರೆ. ನಮಗೆ ಬೇಕಾಗಿರುವುದು ಮೋಟಾರು ಡ್ರೈವಿನ ಪ್ಯಾರಾಮೀಟರ್ ಹಾಕಬಲ್ಲ, ಹೈಡ್ರಾಲಿಕ್ ವಾಲ್ವ್ ಬಿಚ್ಚಬಲ್ಲ, ಪಿಎಲ್‌ಸಿಯ ಇನ್‌ಪುಟ್ ದೀಪ ನೋಡಿ ದೋಷ ಹೇಳಬಲ್ಲ ಒಬ್ಬನೇ ಮನುಷ್ಯ. ಅಂಥವನು ಸಿಕ್ಕರೆ ಸರ್ಟಿಫಿಕೇಟ್ ಕೇಳುವುದಿಲ್ಲ.

ಆನಲಾಗ್ ಸಿಗ್ನಲ್ ಬಗ್ಗೆ ಇಲ್ಲಿ ಯಾರೂ ಎತ್ತಿಲ್ಲ, ನಮ್ಮ ತಲೆನೋವಿನ ಬಹುಪಾಲು ಅದೇ. ಇಂಡಕ್ಷನ್ ಫರ್ನೇಸಿನ ಕಾಯಿಲಿಗೆ ತಣ್ಣೀರು ಸದಾ ಹರಿಯುತ್ತಿರಬೇಕು, ಒತ್ತಡ ಇಳಿದರೆ ಪವರ್ ಟ್ರಿಪ್ ಆಗಬೇಕು. ಒತ್ತಡ ಅಳೆಯುವ ಟ್ರಾನ್ಸ್‌ಮಿಟರ್ 4ರಿಂದ 20 ಮಿಲಿಆಂಪಿಯರ್ ಕೊಡುತ್ತದೆ. 0ಯಿಂದ 10 ಬಾರ್‌ನ ಟ್ರಾನ್ಸ್‌ಮಿಟರ್ ಆದರೆ 4 ಎಂದರೆ ಸೊನ್ನೆ ಬಾರ್, 12 ಎಂದರೆ 5 ಬಾರ್, 20 ಎಂದರೆ 10 ಬಾರ್. ಸೊನ್ನೆಯಿಂದ ಯಾಕೆ ಶುರು ಮಾಡಲಿಲ್ಲ? ಸೊನ್ನೆ ಮಿಲಿಆಂಪಿಯರ್ ಬಂದರೆ ಅದು ಒತ್ತಡ ಇಲ್ಲ ಎಂದಲ್ಲ, ವೈರೇ ಇಲ್ಲ ಎಂದು ಅರ್ಥವಾಗಲಿ ಎಂದು. ಮೀಟರನ್ನು ಸರಣಿಯಲ್ಲಿ ಜೋಡಿಸಿ 8 ಮಿಲಿಆಂಪಿಯರ್ ಓದಿ, "ಎರಡೂವರೆ ಬಾರ್ ಇದೆ, ಆದರೆ ಪರದೆ 4 ತೋರಿಸುತ್ತಿದೆ, ಆದ್ದರಿಂದ ದೋಷ ಸ್ಕೇಲಿಂಗಿನಲ್ಲಿದೆ" ಎಂದು ಬಾಯಿಲೆಕ್ಕದಲ್ಲಿ ಹೇಳಿದ ಒಬ್ಬ ಹುಡುಗನನ್ನು ಅಂದೇ ಕೆಲಸಕ್ಕೆ ಇಟ್ಟುಕೊಂಡೆ. ಅವನು ಮೂರು ವರ್ಷಕ್ಕೆ ಪುಣೆಗೆ ಹಾರಿದ, ಅದು ಬೇರೆ ಮಾತು.

ನರಸಾಪುರ ಪಾಳಿ

ನಾನು ಮೆಕಾಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಕೋಲಾರದ ಕಡೆಯ ಒಂದು ಕಾರ್ಖಾನೆಯಲ್ಲಿ ಆರು ವರ್ಷದಿಂದ ಲೈನ್ ಮೆಂಟೆನೆನ್ಸ್ ನೋಡುತ್ತಿದ್ದೇನೆ. ಸೇರಿದ ಹೊಸದರಲ್ಲಿ ಪೆಂಡೆಂಟ್ ನನ್ನ ಕೈಗೆ ಕೊಡುವ ಬದಲು ಲಾಗ್‌ಬುಕ್ ಬರೆಯಲು ಕೂರಿಸಿದರು, ಅಕ್ಷರ ದುಂಡಗಿದೆ ಎಂದು. ಆಗ ಸಿಟ್ಟು ಬಂದಿತ್ತು. ಆದರೆ ಮೂರು ತಿಂಗಳು ಎಲ್ಲ ಪಾಳಿಗಳ ದೋಷಗಳನ್ನು ಬರೆದು ಬರೆದು, ಯಾವ ಸ್ಟೇಷನ್ ಯಾಕೆ ನಿಲ್ಲುತ್ತದೆ ಎಂಬುದು ಪೆಂಡೆಂಟ್ ಹಿಡಿದವರಿಗಿಂತ ನನಗೇ ಚೆನ್ನಾಗಿ ಗೊತ್ತಾಯಿತು.

ಹರಿಹರದ ತಮ್ಮನಿಗೆ ನನ್ನ ಸಲಹೆ ಡ್ರಾಯಿಂಗ್ ಓದುವುದನ್ನು ಕಲಿಯಬೇಕೆಂಬುದು. ಪ್ಯಾನೆಲ್ ಬಾಗಿಲಿನ ಜೇಬಿನಲ್ಲಿ ಎಣ್ಣೆ ಮೆತ್ತಿದ ಒಂದು ಡ್ರಾಯಿಂಗ್ ಪುಸ್ತಕ ಇರುತ್ತದೆ. ಅದರಲ್ಲಿ ರಿಲೇ ಕಾಯಿಲಿನ ಕೆಳಗೆ 12.4 ಎಂಬಂತೆ ಅಂಕಿ ಬರೆದಿದ್ದರೆ, ಆ ರಿಲೇಯ ಕಾಂಟ್ಯಾಕ್ಟ್ ಹನ್ನೆರಡನೇ ಪುಟದ ನಾಲ್ಕನೇ ಕಾಲಮ್ಮಿನಲ್ಲಿದೆ ಎಂದರ್ಥ. ಇಷ್ಟು ಗೊತ್ತಾದರೆ ಇಡೀ ಪುಸ್ತಕ ತೆರೆದುಕೊಳ್ಳುತ್ತದೆ. ಪುಟದಿಂದ ಪುಟಕ್ಕೆ ಬೆರಳಿಟ್ಟು ಒಂದೇ ಒಂದು ಸಿಗ್ನಲನ್ನು, ಸೆನ್ಸರಿನಿಂದ ಜಂಕ್ಷನ್ ಬಾಕ್ಸಿಗೆ, ಅಲ್ಲಿಂದ ಟರ್ಮಿನಲ್ಲಿಗೆ, ಅಲ್ಲಿಂದ ಇನ್‌ಪುಟ್ ಕಾರ್ಡಿಗೆ ಹಿಂಬಾಲಿಸಿ. ಆಮೇಲೆ ಅದೇ ವೈರಿನ ನಂಬರನ್ನು ಪ್ಯಾನೆಲ್ಲಿನಲ್ಲಿ ಹುಡುಕಿ. ಇನ್ನೊಂದು ವಿಷಯ: ಯಾವತ್ತಾದರೂ ಲ್ಯಾಪ್‌ಟಾಪ್ ಜೋಡಿಸುವ ಅವಕಾಶ ಸಿಕ್ಕರೆ, ಒಂದಕ್ಷರ ಮುಟ್ಟುವ ಮುನ್ನ ಯಂತ್ರದಲ್ಲಿರುವ ಪ್ರೋಗ್ರಾಮಿನ ಪ್ರತಿ ತೆಗೆದು ದಿನಾಂಕ ಹಾಕಿ ಇಟ್ಟುಕೊಳ್ಳಿ. ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ಪ್ರೋಗ್ರಾಂ ಅನ್ನು ಯಂತ್ರಕ್ಕೆ ಹಾಕಿ, ಎರಡು ವರ್ಷದಲ್ಲಿ ಆದ ತಿದ್ದುಪಡಿಗಳನ್ನೆಲ್ಲ ಒಂದೇ ಏಟಿಗೆ ಅಳಿಸಿದವರ ಕತೆಯನ್ನು ನಮ್ಮಲ್ಲಿ ಇನ್ನೂ ಹೇಳುತ್ತಾರೆ.

ಸ್ಟುಟ್‌ಗಾರ್ಟ್ ವಾಸಿ

ಜರ್ಮನಿಯ ಪದ್ಧತಿ ಕೆಲವರಿಗೆ ಉಪಯೋಗವಾಗಬಹುದು ಎಂದು ಚಿಕ್ಕದಾಗಿ ಬರೆಯುತ್ತೇನೆ. ಇಲ್ಲಿ ಮೆಕಾಟ್ರೋನಿಕರ್ ಎಂಬುದು 1998ರಿಂದ ಇರುವ ವೃತ್ತಿ, ತರಬೇತಿಯ ಅವಧಿ ಮೂರೂವರೆ ವರ್ಷ. ಅಭ್ಯರ್ಥಿ ಮೊದಲು ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತಾನೆ, ಕೆಲಸವನ್ನು ಅಲ್ಲಿ, ಪಾಠವನ್ನು ವೃತ್ತಿಶಾಲೆಯಲ್ಲಿ ಕಲಿಯುತ್ತಾನೆ, ತಿಂಗಳಿಗೆ ಭತ್ಯೆಯೂ ಸಿಗುತ್ತದೆ. ನಾನು ಕೆಲಸ ಮಾಡುವ ಕಡೆ ತರಬೇತಿಗೆ ಬಂದ ಹದಿನೇಳರ ಹುಡುಗರಿಂದ ಮೊದಲು ಅರದಿಂದ ಕಬ್ಬಿಣದ ತುಂಡನ್ನು ಉಜ್ಜಿಸಿ ಚೌಕ ಮಾಡಿಸುತ್ತಾರೆ. ರೋಬೋಟಿನ ಬಳಿಗೆ ಬಿಡುವುದು ಬಹಳ ಆಮೇಲೆ. ನಮ್ಮ ಐಟಿಐ ಫಿಟ್ಟರುಗಳಿಗೆ ಈ ಅರ ಉಜ್ಜುವ ಕತೆ ಚೆನ್ನಾಗಿ ಗೊತ್ತು. ಬರಬೇಕೆನ್ನುವವರು ಮೊದಲು ಜರ್ಮನ್ ಭಾಷೆಗೆ ಒಂದೆರಡು ವರ್ಷ ಕೊಡಲು ಸಿದ್ಧರಿರಬೇಕು. ಸುರಕ್ಷತೆಯ ಸೂಚನೆಯನ್ನು ಅರ್ಧಂಬರ್ಧ ಅರ್ಥ ಮಾಡಿಕೊಂಡವನನ್ನು ಯಂತ್ರದ ಬಳಿ ಯಾರೂ ನಿಲ್ಲಿಸುವುದಿಲ್ಲ.

ಬಿಡದಿ ವೆಲ್ಡ್ ಶಾಪ್

ಫ್ಯಾನಕ್ ಕಲಿಯಬೇಕೋ, ಕೂಕಾ ಕಲಿಯಬೇಕೋ, ಎಬಿಬಿಯೋ ಎಂದು ಒಬ್ಬರು ನನಗೆ ಪ್ರತ್ಯೇಕವಾಗಿ ಕೇಳಿದ್ದಾರೆ. ಬಟನ್ನುಗಳ ಜಾಗ ಬೇರೆ, ಪ್ರೋಗ್ರಾಮಿನ ಭಾಷೆ ಬೇರೆ. ಕೀಲು ಕೀಲಾಗಿ ನಡೆಸುವುದು, ನೇರ ಗೆರೆಯಲ್ಲಿ ನಡೆಸುವುದು, ಉಪಕರಣದ ತುದಿ ಎಲ್ಲಿದೆ ಎಂದು ಹೇಳಿಕೊಡುವುದು, ಕೆಲಸದ ಮೇಜಿಗೆ ಒಂದು ನಿರ್ದೇಶಾಂಕ ಕಟ್ಟುವುದು ಇವು ಎಲ್ಲದರಲ್ಲೂ ಒಂದೇ. ನಿಮ್ಮ ಕಾರ್ಖಾನೆಯಲ್ಲಿ ಯಾವುದು ಇದೆಯೋ ಅದನ್ನು ಕಲಿಯಿರಿ. ಯಾವುದೂ ಇಲ್ಲದಿದ್ದರೆ ಈಗಲೇ ಆ ಕೋರ್ಸಿಗೆ ದುಡ್ಡು ಹಾಕಬೇಡಿ, ರೋಬೋಟ್ ಕೊಂಡ ಕಂಪನಿ ತನ್ನವರನ್ನು ತಾನೇ ತರಬೇತಿಗೆ ಕಳಿಸುತ್ತದೆ.

ಪೀಣ್ಯ ಮೆಂಟೆನೆನ್ಸ್

ಕಳಿಸುತ್ತದೆ, ಆದರೆ ಯಾರನ್ನು? ಆ ಹೊತ್ತಿಗೆ ಪಿಎಲ್‌ಸಿ ಗೊತ್ತಿದ್ದವನನ್ನು. ಅಷ್ಟನ್ನು ಸೇರಿಸಿಕೊಂಡರೆ ಬಿಡದಿಯವರ ಮಾತಿಗೆ ನನ್ನ ಒಪ್ಪಿಗೆ ಇದೆ.

ಹರಿಹರದ ಹುಡುಗ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. 65 ಸಾವಿರದ ಕೋರ್ಸಿಗೆ ಸೇರಲಿಲ್ಲ. ಹರಿಹರದ ಜಿಟಿಟಿಸಿಗೆ ಹೋಗಿ, ಕೆಲಸದಲ್ಲಿದ್ದುಕೊಂಡೇ ಕಲಿಯಬಹುದಾದ ಅಲ್ಪಾವಧಿ ತರಬೇತಿ ಏನಿದೆ ಎಂದು ವಿಚಾರಿಸಿ ಬಂದೆ, ಲ್ಯಾಬಿನಲ್ಲಿ ಬೋಧಕರು ಹೇಳಿದ ಪ್ರಶ್ನೆಯನ್ನೇ ಕೇಳಿದೆ. ಮುಂದಿನ ವರ್ಷ ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ಸೇರುವುದೋ, ಒಂದು ವರ್ಷದ ಆಟೊಮೇಷನ್ ಟ್ರೇಡೋ ಎಂಬುದನ್ನು ಅಪ್ಪನ ಜೊತೆ ಕೂತು ತೀರ್ಮಾನಿಸಬೇಕು.

ಅಷ್ಟರೊಳಗೆ ನರಸಾಪುರದ ಅಕ್ಕ ಹೇಳಿದಂತೆ ಡ್ರಾಯಿಂಗ್ ಪುಸ್ತಕ ತೆಗೆದೆ. ನಮ್ಮ ಒಂದನೇ ಯಂತ್ರದ ಪುಸ್ತಕದಲ್ಲಿ ಇನ್‌ಪುಟ್ ಕಾರ್ಡಿನ ಪುಟವೇ ಹರಿದುಹೋಗಿದೆ. ಹಾಗಾಗಿ ಭಾನುವಾರ ಯಂತ್ರ ನಿಂತಿದ್ದಾಗ ಸೂಪರ್‌ವೈಸರ್ ಒಪ್ಪಿಗೆ ಪಡೆದು, ಗೆಳೆಯನೊಬ್ಬ ಪ್ರತಿ ಸೆನ್ಸರಿನ ಮುಂದೆ ಸ್ಪ್ಯಾನರ್ ಹಿಡಿಯುವುದು, ನಾನು ಪ್ಯಾನೆಲ್ಲಿನ ಮುಂದೆ ಕೂತು ಯಾವ ದೀಪ ಹತ್ತುತ್ತದೆ ಎಂದು ಬರೆದುಕೊಳ್ಳುವುದು, ಹೀಗೆ ಮಾಡಿದೆವು. ಆವತ್ತು ಎಂಜಿನಿಯರ್ ತಳ್ಳಿದ ಸೆನ್ಸರ್ ನಾಲ್ಕನೇ ಇನ್‌ಪುಟ್. ಅದರ ಮುಂದೆ ಹಾಯುವ ಕ್ಯಾಮಿನ ಬೋಲ್ಟು ಸವೆದು ಕ್ಯಾಮು ಒಂದು ಬದಿಗೆ ವಾಲಿದೆ, ಅದಕ್ಕೇ ಅಂತರ ಹೆಚ್ಚಾಗಿದ್ದು. ಸೆನ್ಸರನ್ನು ತಳ್ಳಿದ್ದು ತಾತ್ಕಾಲಿಕ ಪರಿಹಾರ ಅಷ್ಟೇ. ಬೋಲ್ಟ್ ಬದಲಿಸಲು ಬರೆದುಕೊಟ್ಟಿದ್ದೇನೆ. ಹದಿನಾರು ಇನ್‌ಪುಟ್‌ಗಳಲ್ಲಿ ಹದಿನಾಲ್ಕು ಪತ್ತೆಯಾದವು. ಹನ್ನೊಂದು ಮತ್ತು ಹದಿನೈದು ಗೊತ್ತಾಗಲಿಲ್ಲ. ಹನ್ನೊಂದರ ದೀಪ ಸದಾ ಹತ್ತಿಯೇ ಇರುತ್ತದೆ, ಹದಿನೈದರದು ಹತ್ತುವುದೇ ಇಲ್ಲ.

ಪೀಣ್ಯ ಮೆಂಟೆನೆನ್ಸ್

ಸದಾ ಹತ್ತಿರುವುದು ಗಾಳಿಯ ಪ್ರೆಶರ್ ಸ್ವಿಚ್ ಇರಬೇಕು. ಪಾಳಿಯವರಿಗೆ ತಿಳಿಸಿ, ಯಂತ್ರ ನಿಂತಿರುವಾಗ, ಯಾರ ಕೈಯೂ ಒಳಗೆ ಇಲ್ಲ ಎಂದು ನೋಡಿಕೊಂಡು, ಗಾಳಿಯ ಮೇನ್ ವಾಲ್ವ್ ಮುಚ್ಚು. ಒತ್ತಡ ಇಳಿಯುತ್ತ ಬಂದಂತೆ ಹನ್ನೊಂದು ಆರುತ್ತದೆಯೇ ನೋಡು. ಹದಿನೈದಕ್ಕೆ ಮೊದಲು ಟರ್ಮಿನಲ್ಲಿನಲ್ಲಿ ವೈರು ಇದೆಯೋ ಇಲ್ಲವೋ ನೋಡಿ ಹೇಳು.